ಎರಡು ದೂರದ ನಗರಗಳ ನಡುವೆ ವಿಮಾನದ ದೂರ ಮತ್ತು ಸಮಯ: ನೀವೇ ಲೆಕ್ಕ ಹಾಕುವ ಬಗೆ

ದೂರವನ್ನು ವೇಗದಿಂದ ಭಾಗಿಸಿದರೆ ಸಮಯ ಬರುತ್ತದೆ ಎಂದು ಶಾಲೆಯಲ್ಲಿ ಕಲಿತ ಸೂತ್ರ ವಿಮಾನದ ಟಿಕೆಟ್ ಮುಂದೆ ಕೈಕೊಡುತ್ತದೆ. ಟೋಕಿಯೊದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು ಒಂಬತ್ತೂಕಾಲು ಗಂಟೆ, ಅದೇ ಊರುಗಳ ನಡುವೆ ಮರಳಿ ಬರಲು ಹನ್ನೊಂದು ಗಂಟೆ. ಅದೂ ಸಾಲದು ಎಂಬಂತೆ, ಹೋಗುವಾಗ ಸಂಜೆ ಹೊರಟವರು ಅದೇ ದಿನ ಬೆಳಿಗ್ಗೆ ಇಳಿಯುತ್ತಾರೆ. ‘ಯಾವುದು ನಿಜವಾದ ಸಮಯ?’ ಎಂದು ಕೇಳಿ ಬರುವ ಪತ್ರಗಳಿಗೆ ಒಂದೊಂದಾಗಿ ಉತ್ತರಿಸುವ ಬದಲು ಇಡೀ ಲೆಕ್ಕವನ್ನು ಇಲ್ಲಿ ಬಿಡಿಸಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಎರಡು ನಗರಗಳ ನಡುವಿನ ದೂರ ಬದಲಾಗುವುದಿಲ್ಲ. ಸಮಯ ಮಾತ್ರ ದಿಕ್ಕು, ಋತು, ಗಾಳಿ, ರಾಜಕೀಯ ಎಲ್ಲಕ್ಕೂ ಬಗ್ಗುತ್ತದೆ. ಹಾಗಾಗಿ ದೂರವನ್ನು ಕಿಲೋಮೀಟರ್ ಲೆಕ್ಕದಲ್ಲಿ ಖಚಿತವಾಗಿ ಹೇಳಬಹುದು. ಸಮಯವನ್ನು ಅರ್ಧ ಗಂಟೆ ಆಚೀಚೆ ಹೇಳಿದರೆ ಅದೇ ದೊಡ್ಡದು.

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ: ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ ಮತ್ತು ರೇಖಾಂಶ, ಸೈನ್, ಕೊಸೈನ್ ಗೊತ್ತಿರುವ ಕ್ಯಾಲ್ಕುಲೇಟರ್, ಎರಡೂ ಊರುಗಳ ಕಾಲವಲಯ. ಮೊಬೈಲ್‌ನ ಕ್ಯಾಲ್ಕುಲೇಟರ್ ಸಾಕು. ಮನೆಯಲ್ಲಿ ಗ್ಲೋಬ್ ಇದ್ದರೆ ಅದನ್ನೂ ಒಂದು ದಾರವನ್ನೂ ಹತ್ತಿರ ಇಟ್ಟುಕೊಳ್ಳಿ.

1. ಊರಲ್ಲ, ನಿಲ್ದಾಣ ಯಾವುದೆಂದು ಗೊತ್ತುಮಾಡಿಕೊಳ್ಳಿ

ವಿಮಾನ ಊರಿಗೆ ಹೋಗುವುದಿಲ್ಲ, ನಿಲ್ದಾಣಕ್ಕೆ ಹೋಗುತ್ತದೆ. ಟೋಕಿಯೊಗೆ ಎರಡು ದೊಡ್ಡ ನಿಲ್ದಾಣಗಳಿವೆ. ಹನೇಡಾ ನಗರದ ಮಗ್ಗುಲಲ್ಲೇ ಇದೆ. ನರಿಟಾ ನಗರದ ನಡುಭಾಗದಿಂದ ಸುಮಾರು 60 ಕಿ.ಮೀ. ಆಚೆಗಿದೆ. ಆಕಾಶದಲ್ಲಿ ಈ ವ್ಯತ್ಯಾಸ ಐದಾರು ನಿಮಿಷದ್ದು, ನೆಲದ ಮೇಲೆ ಒಂದು ಗಂಟೆಯದ್ದು. ಲಂಡನ್, ನ್ಯೂಯಾರ್ಕ್, ಪ್ಯಾರಿಸ್‌ಗಳದ್ದೂ ಇದೇ ಕಥೆ.

ಹೆಸರಿನ ಗೊಂದಲ ಇನ್ನೊಂದು. ಆಸ್ಟ್ರೇಲಿಯಾದಲ್ಲಿ ಸಿಡ್ನಿ ಇರುವಂತೆ ಕೆನಡಾದ ನೋವಾ ಸ್ಕಾಟಿಯಾದಲ್ಲೂ ಒಂದು ಸಿಡ್ನಿ ಇದೆ, ಅದಕ್ಕೂ ವಿಮಾನ ನಿಲ್ದಾಣವಿದೆ. ತಪ್ಪಿ ಅಲ್ಲಿ ಇಳಿದು ಕಣ್ಣುಕಣ್ಣು ಬಿಟ್ಟ ಪ್ರವಾಸಿಗರ ಸುದ್ದಿ ಹಲವು ಬಾರಿ ಪತ್ರಿಕೆಗಳಲ್ಲಿ ಬಂದಿದೆ. ಸ್ಯಾನ್ ಹೋಸೆ ಎಂಬ ಊರು ಕ್ಯಾಲಿಫೋರ್ನಿಯಾದಲ್ಲೂ ಇದೆ, ಕೋಸ್ಟರಿಕಾದಲ್ಲೂ ಇದೆ. ಪ್ರತಿ ನಿಲ್ದಾಣಕ್ಕೂ ಮೂರಕ್ಷರದ ಒಂದು ಸಂಕೇತವಿರುತ್ತದೆ. ಹನೇಡಾದ್ದು ಎಚ್‌ಎನ್‌ಡಿ, ಸ್ಯಾನ್ ಫ್ರಾನ್ಸಿಸ್ಕೊದ್ದು ಎಸ್‌ಎಫ್‌ಒ. ಹುಡುಕುವಾಗ ಊರಿನ ಹೆಸರನ್ನು ನಂಬಬೇಡಿ, ಸಂಕೇತವನ್ನು ನಂಬಿ.

2. ಅತಿ ಹತ್ತಿರದ ದಾರಿಯನ್ನು ಅಳೆಯಿರಿ

ಗೋಡೆಗೆ ತೂಗುಹಾಕಿದ ಭೂಪಟದ ಮೇಲೆ ಅಳತೆಪಟ್ಟಿ ಇಟ್ಟು ಎರಡು ಊರುಗಳ ನಡುವೆ ನೇರ ಗೆರೆ ಎಳೆದರೆ ಅದು ಹತ್ತಿರದ ದಾರಿಯಲ್ಲ. ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಧ್ರುವಗಳ ಕಡೆಯ ಭಾಗ ಹಿಗ್ಗಿಹೋಗಿರುತ್ತದೆ. ಗ್ಲೋಬ್ ಮೇಲೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ಕೂರುವ ಜಾಗವೇ ಹತ್ತಿರದ ದಾರಿ. ಇದಕ್ಕೆ ಮಹಾವೃತ್ತ ಎಂದು ಹೆಸರು. ಅಂದರೆ, ಭೂಮಿಯನ್ನು ಸರಿಯಾಗಿ ಎರಡು ಸಮಭಾಗ ಮಾಡುವಂತೆ ಸುತ್ತುವರಿದ ವೃತ್ತ. ಸಮಭಾಜಕ ವೃತ್ತ ಅಂಥದ್ದೊಂದು.

ಟೋಕಿಯೊ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಎರಡೂ ಉತ್ತರ ಅಕ್ಷಾಂಶ 35ರಿಂದ 38 ಡಿಗ್ರಿಯ ಒಳಗಿವೆ. ಆದರೂ ನಡುವಿನ ಮಹಾವೃತ್ತ ಉತ್ತರಕ್ಕೆ ಬಾಗಿ, ಅರ್ಧ ದಾರಿಯಲ್ಲಿ 48 ಡಿಗ್ರಿಯನ್ನು ದಾಟುತ್ತದೆ. ಅಕ್ಷಾಂಶವನ್ನೇ ಹಿಡಿದು ನೇರ ಪೂರ್ವಕ್ಕೆ ಹೋದರೆ ಸುಮಾರು 8,735 ಕಿ.ಮೀ. ಆಗುತ್ತದೆ, ಬಾಗಿದಂತೆ ಕಾಣುವ ದಾರಿಯಲ್ಲಿ ಸುಮಾರು 8,285 ಕಿ.ಮೀ. ಉಳಿತಾಯ 450 ಕಿ.ಮೀ., ಅಂದರೆ ಅರ್ಧ ಗಂಟೆಯ ಹಾರಾಟ. ಸೀಟಿನ ಮುಂದಿನ ಪರದೆಯಲ್ಲಿ ವಿಮಾನ ಅಲಾಸ್ಕಾದ ಕಡೆ ತಿರುಗಿದ್ದನ್ನು ಕಂಡು ‘ಸುತ್ತಿ ಬಳಸಿ ಹೋಗುತ್ತಿದ್ದಾರೆ’ ಎಂದು ಗೊಣಗುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಈ ದೂರವನ್ನು ಲೆಕ್ಕ ಹಾಕುವ ಸೂತ್ರ ಹೀಗಿದೆ (ಕೋನ ಎಂದರೆ ಇಲ್ಲಿ ಭೂಮಿಯ ಕೇಂದ್ರದಿಂದ ಎರಡು ನಿಲ್ದಾಣಗಳಿಗೆ ಎಳೆದ ಗೆರೆಗಳ ನಡುವಿನ ಕೋನ):

ಕೋನದ ಕೊಸೈನ್ = (ಮೊದಲ ಅಕ್ಷಾಂಶದ ಸೈನ್ × ಎರಡನೆಯ ಅಕ್ಷಾಂಶದ ಸೈನ್) + (ಮೊದಲ ಅಕ್ಷಾಂಶದ ಕೊಸೈನ್ × ಎರಡನೆಯ ಅಕ್ಷಾಂಶದ ಕೊಸೈನ್ × ರೇಖಾಂಶಗಳ ವ್ಯತ್ಯಾಸದ ಕೊಸೈನ್)

ಉದಾಹರಣೆಗೆ ಹನೇಡಾ ಉತ್ತರ 35.55, ಪೂರ್ವ 139.78 ಡಿಗ್ರಿಯಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ ಉತ್ತರ 37.62, ಪಶ್ಚಿಮ 122.38 ಡಿಗ್ರಿಯಲ್ಲಿದೆ. ಒಂದು ಪೂರ್ವ, ಇನ್ನೊಂದು ಪಶ್ಚಿಮವಾದ್ದರಿಂದ ರೇಖಾಂಶಗಳನ್ನು ಕೂಡಬೇಕು: 262.16. ಇದು 180ಕ್ಕಿಂತ ಹೆಚ್ಚಾಯಿತು, ಅಂದರೆ ನಾವು ಭೂಮಿಯನ್ನು ಉದ್ದನೆಯ ಕಡೆಯಿಂದ ಸುತ್ತಿದ್ದೇವೆ. 360ರಿಂದ ಕಳೆದರೆ 97.84. ಸೂತ್ರದ ಮೊದಲ ಭಾಗ 0.3549, ಎರಡನೆಯದು −0.0879. ಒಟ್ಟು 0.2670. ಯಾವ ಕೋನದ ಕೊಸೈನ್ 0.2670 ಎಂದು ಕ್ಯಾಲ್ಕುಲೇಟರನ್ನು ಕೇಳಿದರೆ 74.51 ಡಿಗ್ರಿ ಎನ್ನುತ್ತದೆ. ಮಹಾವೃತ್ತದ ಒಂದು ಡಿಗ್ರಿ ಎಂದರೆ 111.2 ಕಿ.ಮೀ. ಗುಣಿಸಿದರೆ 8,285 ಕಿ.ಮೀ.

ಇಲ್ಲಿ ಎಡವುವ ಜಾಗಗಳು ಒಂದೆರಡಲ್ಲ:

ಅಕ್ಷಾಂಶವನ್ನು ಕೆಲವೆಡೆ ಡಿಗ್ರಿ, ನಿಮಿಷಗಳಲ್ಲಿ ಕೊಟ್ಟಿರುತ್ತಾರೆ. 35 ಡಿಗ್ರಿ 33 ನಿಮಿಷ ಎಂದರೆ 35.33 ಅಲ್ಲ. 33ನ್ನು 60ರಿಂದ ಭಾಗಿಸಬೇಕು, ಆಗ 35.55.

ದಕ್ಷಿಣ ಅಕ್ಷಾಂಶಕ್ಕೆ ಋಣ ಚಿಹ್ನೆ ಹಾಕಲೇಬೇಕು. ಮರೆತರೆ ಸಿಡ್ನಿ ಜಪಾನಿನ ಪಕ್ಕಕ್ಕೆ ಬಂದು ಕೂರುತ್ತದೆ.

ಎಕ್ಸೆಲ್‌ನಂಥ ಪಟ್ಟಿ ತಂತ್ರಾಂಶಗಳು ಕೋನವನ್ನು ಡಿಗ್ರಿಯಲ್ಲಿ ಓದುವುದಿಲ್ಲ, ರೇಡಿಯನ್‌ನಲ್ಲಿ ಓದುತ್ತವೆ. ರೇಡಿಯನ್ ಎಂಬುದು ಕೋನದ ಇನ್ನೊಂದು ಅಳತೆ. 180 ಡಿಗ್ರಿಗೆ 3.1416 ರೇಡಿಯನ್. ಡಿಗ್ರಿಯನ್ನು ಮೊದಲು ಬದಲಿಸಿಕೊಳ್ಳಿ. ಕೊನೆಗೆ ಬರುವ ಕೋನವೂ ರೇಡಿಯನ್‌ನಲ್ಲೇ ಇರುವುದರಿಂದ ಅದನ್ನು ಭೂಮಿಯ ಸರಾಸರಿ ತ್ರಿಜ್ಯ 6,371ರಿಂದ ಗುಣಿಸಿದರೆ ನೇರವಾಗಿ ಕಿಲೋಮೀಟರ್ ಸಿಗುತ್ತದೆ.

ಉತ್ತರ ಸರಿಯೇ ಎಂದು ನೋಡಲು ಒಂದು ಒರೆಗಲ್ಲು: ಭೂಮಿಯ ಮೇಲಿನ ಯಾವ ಎರಡು ಊರುಗಳೂ ಸುಮಾರು 20,000 ಕಿ.ಮೀ.ಗಿಂತ ದೂರ ಇರಲಾರವು. ಅದಕ್ಕಿಂತ ದೊಡ್ಡ ಸಂಖ್ಯೆ ಬಂದರೆ ಲೆಕ್ಕ ಎಲ್ಲೋ ತಪ್ಪಿದೆ.

ಭೂಮಿ ಪೂರ್ತಿ ಗುಂಡಗಿಲ್ಲ, ಧ್ರುವಗಳಲ್ಲಿ ತುಸು ಚಪ್ಪಟೆ. ಇದರಿಂದ ಬರುವ ವ್ಯತ್ಯಾಸ ಹೆಚ್ಚೆಂದರೆ ಶೇಕಡಾ ಅರ್ಧದಷ್ಟು. ಪ್ರಯಾಣದ ಯೋಜನೆಗೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಇಷ್ಟೆಲ್ಲ ತಲೆನೋವು ಬೇಡ ಎನ್ನುವವರು ಗ್ರೇಟ್ ಸರ್ಕಲ್ ಮ್ಯಾಪರ್ ಎಂಬ ಜಾಲತಾಣದಲ್ಲಿ ಎರಡು ಸಂಕೇತಗಳನ್ನು ಕೊಟ್ಟರೆ ದೂರವೂ ಬಾಗಿದ ಗೆರೆಯೂ ಒಟ್ಟಿಗೆ ಸಿಗುತ್ತವೆ. ಅಲ್ಲಿ ಒಂದು ಎಚ್ಚರ: ಮೈಲಿಯಲ್ಲಿ ಎರಡು ಬಗೆ. ಸಾಮಾನ್ಯ ಮೈಲಿ 1.609 ಕಿ.ಮೀ., ಹಡಗು ಮತ್ತು ವಿಮಾನದವರ ನಾಟಿಕಲ್ ಮೈಲಿ 1.852 ಕಿ.ಮೀ. ನಮ್ಮ ದೂರವೇ ಒಂದು ಕಡೆ ಸುಮಾರು 5,150 ಎಂದೂ ಇನ್ನೊಂದು ಕಡೆ ಸುಮಾರು 4,470 ಎಂದೂ ಕಂಡರೆ ಯಾರೂ ಸುಳ್ಳು ಹೇಳುತ್ತಿಲ್ಲ, ಅಳತೆಗೋಲು ಬೇರೆ.

3. ವಿಮಾನ ನಿಜವಾಗಿ ಹೋಗುವ ದಾರಿಗೆ ಇಷ್ಟು ಸೇರಿಸಿ

ಲೆಕ್ಕದ ದೂರಕ್ಕೂ ಹಾರಿದ ದೂರಕ್ಕೂ ಯಾವಾಗಲೂ ಅಂತರವಿರುತ್ತದೆ. ಏನೂ ಅಡ್ಡಿಯಿಲ್ಲದ ದಾರಿಗೆ ಶೇಕಡಾ ಎರಡರಿಂದ ಐದರಷ್ಟು ಸೇರಿಸಿಕೊಂಡರೆ ಸಾಮಾನ್ಯವಾಗಿ ಸಾಕು. ಅಡ್ಡಿಯಿದ್ದರೆ ಕಥೆಯೇ ಬೇರೆ.

ಮೊದಲ ಅಡ್ಡಿ ಮುಚ್ಚಿದ ವಾಯುಪ್ರದೇಶ. ಹೆಲ್ಸಿಂಕಿಯಿಂದ ಟೋಕಿಯೊಗೆ ರಷ್ಯಾದ ಮೇಲೆ ಹಾರುತ್ತಿದ್ದಾಗ ಸುಮಾರು ಒಂಬತ್ತೂವರೆ ಗಂಟೆ ಸಾಕಾಗುತ್ತಿತ್ತು. 2022ರಲ್ಲಿ ಆ ಆಕಾಶ ಮುಚ್ಚಿದ ಮೇಲೆ ಫಿನ್‌ಲೆಂಡಿನ ವಿಮಾನಗಳು ಉತ್ತರ ಧ್ರುವದ ಮೇಲಿಂದಲೋ ದಕ್ಷಿಣಕ್ಕೆ ಬಳಸಿಯೋ ಹೋಗಬೇಕಾಯಿತು. ಪ್ರಯಾಣ ಸುಮಾರು ಹದಿಮೂರು ಗಂಟೆಗೆ ಏರಿತು. ಊರುಗಳು ಇದ್ದಲ್ಲೇ ಇವೆ, ಹಾರುವ ದೂರ ಬೆಳೆಯಿತು. ಹಳೆಯ ಪ್ರವಾಸ ಕೈಪಿಡಿಯಲ್ಲಿ ಓದಿದ ಸಮಯವನ್ನು ಇಂದಿಗೂ ನಂಬಿ ಕೂರಬಾರದು ಎನ್ನುವುದು ಇದಕ್ಕೇ.

ಎರಡನೆಯದು ಎತ್ತರದ ನೆಲ. ಟಿಬೆಟ್ ಪ್ರಸ್ಥಭೂಮಿಯ ಮೇಲೆ ದೂರದ ವಿಮಾನಗಳು ಹೆಚ್ಚಾಗಿ ಹಾರುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ತಕ್ಷಣ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕು, ಆಗ ಮಾತ್ರ ಪ್ರಯಾಣಿಕರು ಮುಖವಾಡವಿಲ್ಲದೆ ಉಸಿರಾಡಬಲ್ಲರು. ಅಲ್ಲಿ ನೆಲವೇ ಅದಕ್ಕಿಂತ ಎತ್ತರ.

ಮೂರನೆಯದು ಸಮುದ್ರ ದಾಟುವ ನಿಯಮ. ಎರಡು ಎಂಜಿನ್ನಿನ ವಿಮಾನದಲ್ಲಿ ಒಂದು ಎಂಜಿನ್ ನಿಂತರೂ ನಿಗದಿತ ಸಮಯದೊಳಗೆ ಇಳಿಯಲು ಒಂದು ನಿಲ್ದಾಣ ಸಿಗಬೇಕು. ಇದಕ್ಕೆ ಇಟಾಪ್ಸ್ ಎನ್ನುತ್ತಾರೆ. 180 ನಿಮಿಷದ ಅನುಮತಿ ಇಂದು ಸಾಮಾನ್ಯ; ಕೆಲವು ವಿಮಾನಗಳಿಗೆ 330 ನಿಮಿಷವೂ ಅದಕ್ಕಿಂತ ಹೆಚ್ಚೂ ಇದೆ. ಆದ್ದರಿಂದ ಈ ಅಡ್ಡಿ ಈಗ ಮುಖ್ಯವಾಗಿ ದಕ್ಷಿಣದ ಖಾಲಿ ಸಾಗರಗಳಲ್ಲಿ ಮಾತ್ರ ಕಾಣುತ್ತದೆ.

4. ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ದೊಡ್ಡ ಜೆಟ್ ವಿಮಾನಗಳ ವೇಗವನ್ನು ಧ್ವನಿಯ ವೇಗಕ್ಕೆ ಹೋಲಿಸಿ ಹೇಳುವುದು ರೂಢಿ. ಹನ್ನೊಂದು ಕಿ.ಮೀ. ಎತ್ತರದ ಕೊರೆಯುವ ಚಳಿಯಲ್ಲಿ, ಸುಮಾರು −56 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಧ್ವನಿ ಗಂಟೆಗೆ 1,060 ಕಿ.ಮೀ. ಸಾಗುತ್ತದೆ. ಬೋಯಿಂಗ್ 787, ಏರ್‌ಬಸ್ ಎ350 ವಿಮಾನಗಳು ಅದರ ಶೇಕಡಾ 85ರಷ್ಟು ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 900 ಕಿ.ಮೀ. ಹಾರುತ್ತವೆ. ಸಣ್ಣ ದೂರದ ಎ320, 737ಗಳದ್ದು ಸುಮಾರು 830.

ಇದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ, ನೆಲಕ್ಕೆ ಹೋಲಿಸಿದ್ದಲ್ಲ. ಬಹುತೇಕ ಜನ ತಪ್ಪುವುದು ಇಲ್ಲೇ. ಹೊಳೆಯಲ್ಲಿ ದೋಣಿ ಹೇಗೋ, ವಿಮಾನ ಹಾಗೆ: ನೀರು ಯಾವ ಕಡೆ ಹರಿಯುತ್ತದೆ ಎಂಬುದರ ಮೇಲೆ ದಡ ತಲುಪುವ ಹೊತ್ತು ನಿಂತಿದೆ. ಭೂಮಿಯ ನಡು ಅಕ್ಷಾಂಶಗಳಲ್ಲಿ, ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಪ್ರವಾಹ ಎಂಬ ಬಿರುಗಾಳಿಯ ಪಟ್ಟಿ ಹರಿಯುತ್ತಿರುತ್ತದೆ. ಚಳಿಗಾಲದಲ್ಲಿ ಅದರ ಜೋರು ಹೆಚ್ಚು. ಗಂಟೆಗೆ 200 ಕಿ.ಮೀ. ದಾಟುವುದು ವಿಶೇಷವೇನಲ್ಲ.

ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹೋಗುವವರಿಗೆ ಬೇಗ ಆಗಬೇಕಲ್ಲವೇ ಎಂದು ಕೇಳುವವರಿದ್ದಾರೆ. ಇಲ್ಲ. ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತಿದೆ, ವಿಮಾನವೂ ನೆಲದಿಂದ ಏಳುವ ಮೊದಲೇ ಅದೇ ತಿರುಗಾಟದಲ್ಲಿದೆ. ವ್ಯತ್ಯಾಸ ತರುವುದು ಗಾಳಿ.

ಲೆಕ್ಕ ಹೀಗೆ ಮಾಡಿ. ಪೂರ್ವಕ್ಕೆ ಹೋಗುವಾಗ ದಾರಿಯುದ್ದಕ್ಕೂ ಸರಾಸರಿ 80 ಕಿ.ಮೀ. ಗಾಳಿ ಬೆನ್ನಿಗಿದೆ ಎಂದುಕೊಳ್ಳಿ. ನೆಲದ ವೇಗ 980. ಹಾರುವ ದಾರಿ 8,400 ಕಿ.ಮೀ. ಎಂದರೆ ಸುಮಾರು 8 ಗಂಟೆ 35 ನಿಮಿಷ. ಪಶ್ಚಿಮಕ್ಕೆ ಬರುವಾಗ ಅದೇ ಗಾಳಿ ಎದುರು. ನೆಲದ ವೇಗ 820. ಎದುರುಗಾಳಿಯ ನಡುಭಾಗವನ್ನು ತಪ್ಪಿಸಲು ದಾರಿ ಸ್ವಲ್ಪ ಬಳಸುವುದರಿಂದ 8,500 ಕಿ.ಮೀ. ಇಟ್ಟುಕೊಂಡರೆ ಸುಮಾರು 10 ಗಂಟೆ 20 ನಿಮಿಷ.

ಗಾಳಿಗೆ ಎಷ್ಟು ಶಕ್ತಿಯಿದೆ ಎಂಬುದಕ್ಕೆ ಎರಡು ನಿದರ್ಶನ. 2020ರ ಫೆಬ್ರವರಿಯಲ್ಲಿ ಕಿಯಾರಾ ಚಂಡಮಾರುತದ ಹೊತ್ತಿನಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು 747 ವಿಮಾನ ನ್ಯೂಯಾರ್ಕಿನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ತಲುಪಿತು. ಆ ದಾರಿಗೆ ಮಾಮೂಲಾಗಿ ಆರು ಗಂಟೆಯ ಮೇಲೇ ಬೇಕು. ಒಂದು ಹಂತದಲ್ಲಿ ಅದರ ನೆಲದ ವೇಗ ಗಂಟೆಗೆ 1,300 ಕಿ.ಮೀ. ಮೀರಿತ್ತು. ಹಾಗೆಂದು ಅದು ಧ್ವನಿಯ ವೇಗವನ್ನು ದಾಟಿತು ಎನ್ನುವಂತಿಲ್ಲ, ಸುತ್ತಲಿನ ಗಾಳಿಗೆ ಅದು ಎಂದಿನ ವೇಗದಲ್ಲೇ ಇತ್ತು.

ಇನ್ನೊಂದು ನನಗೆ ಹೆಚ್ಚು ಇಷ್ಟವಾದದ್ದು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅಟ್ಲಾಂಟಿಕ್ ಮೇಲೆ ಹೋಗುತ್ತಿದ್ದ ಏರ್ ಇಂಡಿಯಾ 2016ರ ಅಕ್ಟೋಬರ್‌ನಲ್ಲಿ ದಾರಿ ಬದಲಿಸಿ, ಪೂರ್ವಕ್ಕೆ ತಿರುಗಿ ಪೆಸಿಫಿಕ್ ದಾಟತೊಡಗಿತು. ಹೊಸ ದಾರಿ ಸುಮಾರು 15,300 ಕಿ.ಮೀ., ಹಳೆಯದಕ್ಕಿಂತ ಸಾವಿರ ಕಿಲೋಮೀಟರಿಗೂ ಹೆಚ್ಚು ಉದ್ದ. ಆದರೂ ಸುಮಾರು ಎರಡು ಗಂಟೆ ಉಳಿಯಿತು, ಏಕೆಂದರೆ ಗಾಳಿ ಬೆನ್ನಿಗಿತ್ತು. ಹೆಚ್ಚು ದೂರ, ಕಡಿಮೆ ಹೊತ್ತು.

ಸಮಭಾಜಕ ವೃತ್ತದ ಆಸುಪಾಸಿನ ಅಥವಾ ಉತ್ತರ–ದಕ್ಷಿಣವಾಗಿ ಸಾಗುವ ದಾರಿಗಳಲ್ಲಿ ಈ ಏರುಪೇರು ಬಹಳ ಕಡಿಮೆ. ಅಲ್ಲಿ ಗಾಳಿಯನ್ನು ಬಿಟ್ಟು ಲೆಕ್ಕ ಹಾಕಿದರೂ ನಡೆಯುತ್ತದೆ.

5. ನೆಲದ ಮೇಲಿನ ನಿಮಿಷಗಳು

ಟಿಕೆಟ್ಟಿನಲ್ಲಿ ಕಾಣುವುದು ಹಾರಾಟದ ಸಮಯವಲ್ಲ, ಬ್ಲಾಕ್ ಸಮಯ. ಅಂದರೆ ಹೊರಡುವ ಗೇಟಿನಲ್ಲಿ ಚಕ್ರ ಕದಲಿದಾಗಿನಿಂದ ತಲುಪಿದ ಗೇಟಿನಲ್ಲಿ ಚಕ್ರ ನಿಲ್ಲುವವರೆಗೆ. ರನ್‌ವೇವರೆಗೆ ತೆವಳುವುದು, ಸರದಿಗೆ ಕಾಯುವುದು, ಮೇಲೇರುವಾಗ, ಇಳಿಯುವಾಗ ವೇಗ ಕಡಿಮೆಯಿರುವುದು ಎಲ್ಲವೂ ಇದರಲ್ಲಿ ಸೇರಿದೆ. ನಾಲ್ಕನೆಯ ಹಂತದ ಉತ್ತರಕ್ಕೆ 40 ನಿಮಿಷ ಸೇರಿಸಿ. ಗಿಜಿಗುಡುವ ನಿಲ್ದಾಣಗಳಿಗೆ ಒಂದು ಗಂಟೆ. ಹೋಗಲು ಒಂಬತ್ತೂಕಾಲು, ಬರಲು ಹನ್ನೊಂದು ಎಂಬ ಸಂಖ್ಯೆಗಳು ಈಗ ಕೈಗೆ ಬಂದವು.

ವಿಮಾನ ಸಂಸ್ಥೆಗಳು ವೇಳಾಪಟ್ಟಿಯಲ್ಲಿ ಒಂದಿಷ್ಟು ನಿಮಿಷಗಳನ್ನು ಮುಂಚೆಯೇ ಮಡಚಿಟ್ಟಿರುತ್ತವೆ. ಇಪ್ಪತ್ತು ನಿಮಿಷ ತಡವಾಗಿ ಹೊರಟ ವಿಮಾನ ‘ಸಮಯಕ್ಕೆ ಸರಿಯಾಗಿ’ ಇಳಿಯುವ ಚಮತ್ಕಾರದ ಗುಟ್ಟು ಇದೇ.

6. ಗಡಿಯಾರವನ್ನು ಬಿಡಿಸಿ

ಹೊರಡುವ, ತಲುಪುವ ಎರಡೂ ಸಮಯಗಳನ್ನು ಆಯಾ ಊರಿನ ಗಡಿಯಾರದಲ್ಲೇ ಟಿಕೆಟ್ಟಿನಲ್ಲಿ ಮುದ್ರಿಸುತ್ತಾರೆ. ಒಂದರಿಂದ ಇನ್ನೊಂದನ್ನು ನೇರವಾಗಿ ಕಳೆಯಬೇಡಿ. ಮೊದಲು ಎರಡನ್ನೂ ಯುಟಿಸಿಗೆ, ಅಂದರೆ ಇಡೀ ಜಗತ್ತಿಗೆ ಸಾಮಾನ್ಯವಾದ ಸಮನ್ವಯ ಕಾಲಮಾನಕ್ಕೆ ಬದಲಿಸಿಕೊಳ್ಳಿ.

ಜನವರಿ 10ರ ಸಂಜೆ 5ಕ್ಕೆ ಟೋಕಿಯೊ ಬಿಡುತ್ತೀರಿ. ಟೋಕಿಯೊ ಯುಟಿಸಿಗಿಂತ 9 ಗಂಟೆ ಮುಂದೆ. ಆದ್ದರಿಂದ ಹೊರಟದ್ದು ಯುಟಿಸಿ ಬೆಳಿಗ್ಗೆ 8ಕ್ಕೆ. ಒಂಬತ್ತೂಕಾಲು ಗಂಟೆ ಕೂಡಿಸಿದರೆ ಸಂಜೆ 5.15. ಸ್ಯಾನ್ ಫ್ರಾನ್ಸಿಸ್ಕೊ ಚಳಿಗಾಲದಲ್ಲಿ ಯುಟಿಸಿಗಿಂತ 8 ಗಂಟೆ ಹಿಂದೆ. ಅಲ್ಲಿ ಆಗ ಜನವರಿ 10ರ ಬೆಳಿಗ್ಗೆ 9.15. ಹೊರಟ ಹೊತ್ತಿಗಿಂತ ಏಳೂಮುಕ್ಕಾಲು ಗಂಟೆ ಮೊದಲೇ ತಲುಪಿದಂತೆ! ನಡುವೆ ಅಂತರರಾಷ್ಟ್ರೀಯ ದಿನಾಂಕ ರೇಖೆ ದಾಟಿದ್ದರ ಫಲ. ಹೀಗೆ ಗಳಿಸಿದ್ದನ್ನು ಮರಳುವಾಗ ಕೊಡಲೇಬೇಕು: ಜನವರಿ 20ರ ಮಧ್ಯಾಹ್ನ 12ಕ್ಕೆ ಅಲ್ಲಿಂದ ಹೊರಟರೆ ಟೋಕಿಯೊ ತಲುಪುವುದು 21ರ ಸಂಜೆ 4ಕ್ಕೆ. ಗಡಿಯಾರ ನೋಡಿದರೆ 28 ಗಂಟೆ, ವಿಮಾನದಲ್ಲಿ ಕೂತದ್ದು ಹನ್ನೊಂದೇ ಗಂಟೆ.

ತಲುಪುವ ಸಮಯದ ಪಕ್ಕದಲ್ಲಿ ಸಣ್ಣದಾಗಿ +1 ಎಂದಿದ್ದರೆ ಮರುದಿನ, −1 ಎಂದಿದ್ದರೆ ಹಿಂದಿನ ದಿನ. ಹೋಟೆಲ್ ಕಾಯ್ದಿರಿಸುವಾಗ ಈ ಪುಟ್ಟ ಅಂಕಿಯನ್ನು ನೋಡದೆ ಹೋದವರು ಒಂದು ರಾತ್ರಿಯ ಬಾಡಿಗೆಯನ್ನು ಸುಮ್ಮನೆ ಕೊಡುತ್ತಾರೆ, ಇಲ್ಲವೇ ಕೊಠಡಿಯೇ ಇಲ್ಲದೆ ನಿಲ್ಲುತ್ತಾರೆ.

ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುವ ದೇಶಗಳದ್ದು ಇನ್ನೊಂದು ಕಾಟ. ಅಮೆರಿಕದ ಬಹುಭಾಗ ಮಾರ್ಚ್‌ನ ಎರಡನೆಯ ಭಾನುವಾರ ಬದಲಾಗುತ್ತದೆ, ಐರೋಪ್ಯ ಒಕ್ಕೂಟ ಕೊನೆಯ ಭಾನುವಾರ. ಜಪಾನ್, ಭಾರತ, ಚೀನಾ ಬದಲಾಗುವುದೇ ಇಲ್ಲ. ಹಾಗಾಗಿ ಟೋಕಿಯೊ–ಸ್ಯಾನ್ ಫ್ರಾನ್ಸಿಸ್ಕೊ ಅಂತರ ಚಳಿಗಾಲದಲ್ಲಿ 17 ಗಂಟೆ, ಬೇಸಿಗೆಯಲ್ಲಿ 16. ಲೆಕ್ಕ ಹಾಕುವಾಗ ಇಂದಿನ ಅಂತರವನ್ನಲ್ಲ, ಪ್ರಯಾಣದ ದಿನದ ಅಂತರವನ್ನು ಹಿಡಿಯಿರಿ. ಎಲ್ಲ ವಲಯಗಳೂ ಪೂರ್ಣ ಗಂಟೆಯವೂ ಅಲ್ಲ: ಭಾರತ ಐದೂವರೆ, ನೇಪಾಳ ಐದೂಮುಕ್ಕಾಲು.

7. ನಡುವೆ ವಿಮಾನ ಬದಲಿಸುವುದಿದ್ದರೆ

‘ನಾನ್‌ಸ್ಟಾಪ್’ ಎಂದರೆ ಎಲ್ಲೂ ಇಳಿಯದ ವಿಮಾನ. ‘ಡೈರೆಕ್ಟ್’ ಎಂದರೆ ಒಂದೇ ಸಂಖ್ಯೆಯ ವಿಮಾನ ಅಷ್ಟೆ. ಅದು ದಾರಿಯಲ್ಲಿ ಇಳಿದು ಏಳಬಹುದು. ಸಿಂಗಪುರದಿಂದ ನ್ಯೂಯಾರ್ಕಿಗೆ ಹದಿನೆಂಟು ಗಂಟೆಗೂ ಹೆಚ್ಚು ಹೊತ್ತು ಎಲ್ಲೂ ಇಳಿಯದೆ ಹಾರುವ ವಿಮಾನವೂ ಇದೆ, ಫ್ರಾಂಕ್‌ಫರ್ಟ್‌ನಲ್ಲಿ ನಿಂತು ಹೋಗುವುದೂ ಇದೆ.

ಬದಲಿಸುವ ಊರು ಮಹಾವೃತ್ತದ ಹತ್ತಿರ ಇದೆಯೇ ನೋಡಿ. ಸಿಡ್ನಿಯಿಂದ ಲಂಡನ್‌ಗೆ ಮಹಾವೃತ್ತದ ದೂರ ಸುಮಾರು 17,000 ಕಿ.ಮೀ. ಸಿಂಗಪುರದ ಮೂಲಕ ಹೋದರೆ 17,200ರ ಒಳಗೆ. ಲಾಸ್ ಏಂಜಲೀಸ್ ಮೂಲಕವಾದರೆ ಸುಮಾರು 20,800. ಮೊದಲನೆಯದು ಹೆಚ್ಚುಕಡಿಮೆ ದಾರಿಯಲ್ಲೇ ಇದೆ, ಎರಡನೆಯದಕ್ಕೆ ನಾಲ್ಕು ಗಂಟೆಯ ಹಾರಾಟ ಹೆಚ್ಚು ತೆರಬೇಕು. ದರ ಕಡಿಮೆ ಎಂದು ಕಣ್ಣುಮುಚ್ಚಿ ಕೊಳ್ಳುವ ಮೊದಲು ಈ ಒಂದು ಲೆಕ್ಕ ಹಾಕಿ.

ಒಟ್ಟು ಸಮಯ ಬೇಕಿದ್ದರೆ ಮೊದಲ ನಿರ್ಗಮನವನ್ನೂ ಕೊನೆಯ ಆಗಮನವನ್ನೂ ಯುಟಿಸಿಗೆ ತಂದು ಕಳೆಯಿರಿ. ನಡುವಿನ ಕಾಯುವಿಕೆ ತಾನಾಗಿ ಸೇರಿಕೊಳ್ಳುತ್ತದೆ. ಪ್ರತಿ ನಿಲ್ದಾಣಕ್ಕೂ ವಿಮಾನ ಬದಲಿಸಲು ಕನಿಷ್ಠ ಇಷ್ಟು ನಿಮಿಷ ಎಂಬ ಮಿತಿ ನಿಗದಿಯಾಗಿರುತ್ತದೆ. ಅದು ಕನಿಷ್ಠವೇ ಹೊರತು ನೆಮ್ಮದಿಯ ಸಮಯವಲ್ಲ. ಒಂದೇ ಟಿಕೆಟ್ಟಿನಲ್ಲಿ ಕಾಯ್ದಿರಿಸಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಸಾಮಾನ್ಯವಾಗಿ ವಿಮಾನ ಸಂಸ್ಥೆಯದು. ಎರಡು ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಆ ಹೊಣೆ ನಿಮ್ಮದೇ. ಸಾಮಾನನ್ನು ಹೊರಗೆ ತಂದು ಮತ್ತೆ ಒಪ್ಪಿಸಬೇಕಾಗಬಹುದು, ಅದಕ್ಕೆ ಆ ದೇಶದ ವೀಸಾ ಕೂಡ ಬೇಕಾಗಬಹುದು. ಅಂಥ ಕಡೆ ನಾಲ್ಕು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ ಎಂದೇ ನನ್ನ ಸಲಹೆ.

ಲೆಕ್ಕ ಮುಗಿದ ಮೇಲೆ ಒಮ್ಮೆ ನಿಜದ ಜೊತೆ ತಾಳೆ ನೋಡಿ. ಫ್ಲೈಟ್‌ರಾಡಾರ್24, ಫ್ಲೈಟ್‌ಅವೇರ್‌ನಂಥ ತಾಣಗಳಲ್ಲಿ ನಿಮ್ಮ ವಿಮಾನದ ಸಂಖ್ಯೆ ಕೊಟ್ಟರೆ ಕಳೆದ ಕೆಲವು ದಿನ ಅದು ಯಾವಾಗ ಎದ್ದಿತು, ಯಾವಾಗ ಇಳಿಯಿತು, ಯಾವ ದಾರಿ ಹಿಡಿಯಿತು ಎಂಬುದೆಲ್ಲ ಕಾಣುತ್ತದೆ. ಒಂದೇ ದಿನದ್ದನ್ನು ನೋಡಿ ತೀರ್ಮಾನಿಸದೆ ಒಂದು ವಾರದ್ದನ್ನು ನೋಡಿ. ಬೇಸಿಗೆಯ ಅಂಕಿಗಳನ್ನು ಇಟ್ಟುಕೊಂಡು ಜನವರಿಯ ಪ್ರಯಾಣ ಯೋಜಿಸುವುದಾದರೆ ಪಶ್ಚಿಮಕ್ಕೆ ಹೋಗುವ ದಾರಿಗೆ ಇನ್ನೊಂದು ಅರ್ಧ ಗಂಟೆ ಸೇರಿಸಿಕೊಳ್ಳಿ.